ಟೊಳ್ಳು ಹೊಟ್ಟೆಯ ಸಂತರು

ಮೊನ್ನೆ ಕಾಫಿಪುಡಿ ಅಂಗಡಿಯಲ್ಲಿ ನಿಂತಿದ್ದಾಗ ಅಂಗಡಿಯವರು ಹೊಸದೊಂದು ಡಬ್ಬದ ಮುಚ್ಚಳ ತೆಗೆದರು. ಚಿಕೋರಿಯ ಸುಳಿವಿಲ್ಲದ, ತುಸು ಸೀದಂತಿದ್ದ ಆ ವಾಸನೆ ಮೂಗಿಗೆ ಬಡಿಯಿತು ನೋಡಿ, ನಾನು ಮೈಸೂರಿನಲ್ಲಿರಲಿಲ್ಲ. ಕುವೈತಿನ ಹವಲ್ಲಿಯಲ್ಲಿ, ಲೂರ್ದ್ ಬಾಯಿಯ ಅಡುಗೆಮನೆಯಲ್ಲಿದ್ದೆ.

ಲೂರ್ದ್ ಬಾಯಿ ನಮ್ಮ ಎದುರು ಫ್ಲ್ಯಾಟಿನವಳು. ಬ್ರೆಜಿಲಿನ ಗುಡ್ಡಗಳ ಸಂದಿಯ ಒಂದು ಸಣ್ಣ ಊರಿನವಳು. ಹಡಗಿನಲ್ಲಿ ಎಂಜಿನಿಯರಾಗಿದ್ದ ಮಂಗಳೂರಿನ ಫೆಲಿಕ್ಸರನ್ನು ಮದುವೆಯಾಗಿ ಕೊಂಕಣಿ ಕಲಿತಿದ್ದಳು. ಅವಳ ಊರಿನ ಹೆಸರು ನನ್ನ ನಾಲಿಗೆಗೆ ಒಮ್ಮೆಯೂ ಹೊರಳಲಿಲ್ಲ. ನನ್ನ ನಂಜನಗೂಡು ಅವಳ ನಾಲಿಗೆಗೂ ಹೊರಳಲಿಲ್ಲ, ಅಲ್ಲಿಗೆ ಸರಿಹೋಯಿತು.

ತೊಂಬತ್ತರ ಆಗಸ್ಟಿನಲ್ಲಿ ಇರಾಕಿನ ಸೈನ್ಯ ನುಗ್ಗಿದ ಮೇಲೆ ನಮ್ಮವರು ಕೆಲಸಕ್ಕಿದ್ದ ಬ್ಯಾಂಕು ಮುಚ್ಚಿ, ಅವರು ಮನೆಯಲ್ಲಿ ಕೂತರು. ಬಸ್ಸಿನಲ್ಲಿ ಬಾಗ್ದಾದ್ ದಾಟಿ ಜೋರ್ಡಾನಿಗೆ ಹೋದರೆ ಊರಿಗೆ ವಿಮಾನವಿದೆ ಎಂದು ಜನ ಅಂದರು. ಆದರೆ ದಾರಿಯಲ್ಲಿ ಚಿನ್ನ ಕಿತ್ತುಕೊಳ್ಳುತ್ತಾರೆಂಬ ಸುದ್ದಿ. ನಮ್ಮ ಬಳಿ ಇದ್ದದ್ದು ನಾದಿನಿ ವನಜಳ ಮದುವೆಗೆಂದು ಮಾಡಿಸಿಟ್ಟ ಅವಲಕ್ಕಿ ಸರ, ಜುಮುಕಿ, ಉಂಗುರ. ಕಾರ್ತಿಕದಲ್ಲಿ ಲಗ್ನ. ಅಪ್ಪನಿಲ್ಲದ ಹುಡುಗಿ, ಅಣ್ಣ ಬರಿಗೈಯಲ್ಲಿ ಹೋದರೆ ಮದುವೆಯೇ ನಿಂತುಹೋಗುತ್ತದೆಂದು ಇವರು ಊಟ ಬಿಟ್ಟರು. "ಬಚ್ಚಿಟ್ಟುಕೊಂಡು ಹೋಗೋಣ ರೀ" ಎಂದರೆ, "ಯಾರಾದ್ರೂ ಕೇಳಿದ್ರೆ ಸುಳ್ಳು ಹೇಳೋಕೆ ನನ್ನ ಕೈಲಾಗಲ್ಲ ಕಣೇ" ಎನ್ನುವರು. ಸತ್ಯಸಂಧರನ್ನು ಕಟ್ಟಿಕೊಂಡ ಕರ್ಮ ನನ್ನದು!

ಲೂರ್ದ್ ಬಾಯಿಯ ಮುಂದೆ ಹೇಳಿಕೊಂಡು ಅತ್ತೆ. ಅವಳು ಕಾಫಿ ಬಗ್ಗಿಸುತ್ತಾ ಕೊಂಕಣಿಯಲ್ಲಿ ಏನೋ ಶುರು ಮಾಡಿದಳು. ಫೆಲಿಕ್ಸ್ ಅದನ್ನು ಕನ್ನಡ ಮಾಡಿದರು.

"ಇವಳ ಊರಲ್ಲಿ ಹಿಂದೆ ಚಿನ್ನದ ಗಣಿ ಇತ್ತಂತೆ ಮಾರಾಯ್ರೇ. ಆಫ್ರಿಕದಿಂದ ಹಿಡಿದು ತಂದ ಗುಲಾಮರು ಅಗೆಯುವುದು, ಪೋರ್ಚುಗಲ್ಲಿನ ರಾಜ ಸಮುದ್ರದ ಆಚೆ ಕೂತು ಐದರಲ್ಲಿ ಒಂದು ಪಾಲು ನುಂಗುವುದು. ದಾರಿ ದಾರಿಗೆ ಕಾವಲು. ಆಗ ಜನ ಎಂತ ಮಾಡಿದ್ರು ಗೊತ್ತುಂಟಾ? ಮರದ ಸಂತರ ಹೊಟ್ಟೆ ಕೊರೆದು ಒಳಗೆ ಚಿನ್ನದ ಪುಡಿ ತುಂಬಿಸಿದ್ರು! ಸಂತರ ಮೆರವಣಿಗೆ ಬಂದ್ರೆ ಕಾವಲಿನವನೇ ಟೊಪ್ಪಿ ತೆಗೆದು ಮೊಣಕಾಲೂರುವುದು."

ಇದು ಚರಿತ್ರೆಯೋ ಅಜ್ಜಿಕತೆಯೋ ನಾನರಿಯೆ. ಅಗೆದ ಗುಲಾಮರಿಗೇನು ಸಿಕ್ಕಿತು ಎಂದು ಕೇಳಿದೆ. ಲೂರ್ದ್ ಬಾಯಿಯ ಮುಖ ಬಾಡಿತು. "ನನ್ನ ಅಜ್ಜಿಯ ಅಜ್ಜಿ ಅಲ್ಲಿ ಗುಲಾಮಳು. ಅವಳಿಗೆ ಸಿಕ್ಕಿದ್ದು ಕತೆ ಮಾತ್ರ. ಅದು ನಿನಗಾದರೂ ಉಪಯೋಗಕ್ಕೆ ಬರಲಿ," ಎಂದಳು.

ನಮ್ಮ ಮನೆಯಲ್ಲಿ ಸಂತರೆಲ್ಲಿಂದ ಬರಬೇಕು? ಇದ್ದದ್ದು ದಸರೆಗೆ ಕೂರಿಸುವ ಗೊಂಬೆಗಳು. ಪಟ್ಟದ ರಾಜ-ರಾಣಿಯದು ಗಟ್ಟಿ ಮರ. ಆದರೆ ಕೆಳಗಿನ ಮೆಟ್ಟಿಲಲ್ಲಿ ಅಕ್ಕಿ-ಬೇಳೆ ಮುಂದಿಟ್ಟುಕೊಂಡು ಅಂಗಡಿ ಹೂಡುವ ಡೊಳ್ಳುಹೊಟ್ಟೆಯ ಶೆಟ್ಟಿ ಮಣ್ಣಿನವನು. ಒಳಗೆ ಟೊಳ್ಳು, ತಳದಲ್ಲಿ ತೂತು. ಒಡವೆಯನ್ನು ಹತ್ತಿಯಲ್ಲಿ ಸುತ್ತಿ ತುರುಕಿ, ತೂತಿಗೆ ರಾಗಿಹಿಟ್ಟು ಮೆತ್ತಿ ಒಣಗಿಸಿದೆ. ಎಷ್ಟು ಅಲ್ಲಾಡಿಸಿದರೂ ಶೆಟ್ಟಿ ತುಟಿಪಿಟಕ್ಕೆನ್ನಲಿಲ್ಲ. ಯಾರೂ ಕೇಳದಿದ್ದರೆ ಸುಳ್ಳು ಹೇಳಬೇಕಿಲ್ಲವಲ್ಲ ಎಂದು ಇವರೂ ಒಪ್ಪಿದರು.

ಎರಡು ಮನೆಯವರೂ ಒಂದೇ ಬಸ್ಸು ಹತ್ತಿದೆವು. ಜೋರ್ಡಾನಿನ ಗಡಿ ಇನ್ನೇನು ಬಂತು ಎನ್ನುವಾಗ ಕೊನೆಯ ತಪಾಸಣೆ. ಕೆಳಗಿಳಿದು ಚೀಲ ಬಿಚ್ಚಿದೆವು. ಎಳೆಮೀಸೆಯ ಸೈನಿಕನೊಬ್ಬ ಶೆಟ್ಟಿಯನ್ನು ಎತ್ತಿ ತೂಗಿ ನೋಡಿದ. ಹುಬ್ಬು ಮೇಲೇರಿತು. "ಶಿನು ಹಾದಾ?" ಏನಿದು ಎಂದು ನಮ್ಮವರನ್ನೇ ಕೇಳಬೇಕೇ! ಇವರ ಬಾಯಿ ತೆರೆಯಿತು. ಸತ್ಯ ಹೊರಬೀಳುವುದರಲ್ಲಿತ್ತು.

ನಾನು ದೊಪ್ಪನೆ ಮರಳಿನಲ್ಲಿ ಅಡ್ಡಬಿದ್ದೆ. "ಅಪ್ಪಾ, ಶೆಟ್ಟಪ್ಪಾ, ಕಾಪಾಡಪ್ಪಾ!" ಇವರ ಪ್ಯಾಂಟು ಹಿಡಿದು ಜಗ್ಗಿದೆ. "ಬೀಳ್ರೀ ಕಾಲಿಗೆ!" ಬಿದ್ದರು. ಬಸ್ಸಿನ ನಮ್ಮ ಕಡೆಯ ಹೆಂಗಸರಿಗೆ ಹೇಳಿಕೊಡಬೇಕೇ? ಒಬ್ಬಾಕೆ ಆರತಿ ಹಾಡು ಎತ್ತಿದಳು, ಉಳಿದವರು ದನಿಗೂಡಿಸಿದರು. ಫೆಲಿಕ್ಸ್ ಶಿಲುಬೆಯ ಗುರುತು ಹಾಕಿದರು. ಲೂರ್ದ್ ಬಾಯಿಯಂತೂ ಮೊಣಕಾಲೂರಿ ತನ್ನ ಭಾಷೆಯಲ್ಲಿ ಗೋಳೋ ಎಂದಳು. ಹುಟ್ಟಿದಂದಿನಿಂದ ಒಂದು ಊದಿನಕಡ್ಡಿಯನ್ನೂ ಕಾಣದ ಶೆಟ್ಟಿಗೆ ಅಂದು ಎಂಥ ಪೂಜೆ! ನಾಟಕವೆಂದೇ ಬಿದ್ದವಳು ನಾನು. ಬಿದ್ದ ಮೇಲೆ ವನಜಳ ಮುಖ ಕಣ್ಣಿಗೆ ಕಟ್ಟಿ, ನಿಜವಾಗಿಯೇ ಬಿಕ್ಕಿ ಬಿಕ್ಕಿ ಅತ್ತೆ.

ಸೈನಿಕ ಕಕ್ಕಾಬಿಕ್ಕಿಯಾದ. ಶೆಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ನನ್ನ ಮಡಿಲಿಗಿಟ್ಟ. "ಯಲ್ಲಾ, ಯಲ್ಲಾ," ಹೊರಡಿ ಹೊರಡಿ ಎಂದು ಕೈಬೀಸಿದ.

ಬಸ್ಸು ಗಡಿ ದಾಟಿದಾಗ ಎದ್ದ ಕೂಗನ್ನು ಹೇಗೆ ಹೇಳಲಿ! ಲೂರ್ದ್ ಬಾಯಿ ಶೆಟ್ಟಿಯ ಹೊಟ್ಟೆಗೆ ಮುತ್ತಿಟ್ಟು, "ಈ ಸಲ ಗೆದ್ದದ್ದು ನನ್ನ ಅಜ್ಜಿಯ ಅಜ್ಜಿ!" ಎಂದು ಕಿರುಚಿದಳು. ಊರಿಗೆ ಬಂದು ರಾಗಿ ಕೆರೆದು ಒಡವೆ ತೆಗೆದೆ. ಕಾರ್ತಿಕದಲ್ಲಿ ವನಜ ಆ ಸರ ಹಾಕಿಕೊಂಡೇ ಹಸೆಮಣೆ ಏರಿದಳು.

ಅಂದಿನ ಅಡ್ಡಬೀಳುವಿಕೆಯ ಮಾತೆತ್ತಿದರೆ ಇಷ್ಟು ವರ್ಷವೂ ಇವರು ಪೇಪರಿನ ಹಿಂದೆ ಮುಖ ಮರೆಸುತ್ತಿದ್ದರು. ಮೊನ್ನೆ ಅಂಗಡಿಯಿಂದ ಬಂದವಳೇ ಮೊಮ್ಮಗಳಿಗೆ ಎಲ್ಲವನ್ನೂ ಹೇಳಿದೆ. ಅವಳು ಓಡಿಹೋಗಿ ಇವರ ಪೇಪರನ್ನು ಕೆಳಗೆಳೆದು, "ತಾತಾ, ಶೆಟ್ಟಿ ನಿಜವಾಗ್ಲೂ ದೇವರಾ?" ಎಂದು ಕೇಳಿಯೇಬಿಟ್ಟಳು.

"ಹೌದು ಪುಟ್ಟಿ," ಎಂದರು ಇವರು, ನನ್ನತ್ತ ನೋಡುತ್ತಾ. "ನಾನೇ ಕಾಲಿಗೆ ಬಿದ್ದಿದೀನಿ. ಸುಳ್ಳು ಹೇಳ್ತೀನಾ?"