ಚಿಲಕ ಹಾಕಿದ ಕಾರಣ

ಐದು ವರ್ಷದ ಹಿಂದೆ ನಾನು ನಮ್ಮ ಕಡೆಯ ಒಂದು ಮಾನಸಿಕ ಆಸ್ಪತ್ರೆಯ ಫೊರೆನ್ಸಿಕ್ ವಾರ್ಡಿನಲ್ಲಿ ಸ್ಟಾಫ್ ನರ್ಸ್ ಆಗಿದ್ದೆ. ಕಾಯಿಲೆಯ ಭರದಲ್ಲಿ ಅಪರಾಧ ಮಾಡಿ, ನ್ಯಾಯಾಲಯದ ಆದೇಶದ ಮೇಲೆ ಚಿಕಿತ್ಸೆಗೆ ಬಂದವರ ವಾರ್ಡ್ ಅದು. ದಾಂಡೇಲಿಯ ನಮ್ಮ ಮನೆಯಲ್ಲಿ ಅದನ್ನು ಜೈಲು ಎಂದೇ ಕರೆಯುತ್ತಿದ್ದರು. ಇಪ್ಪತ್ತಾರು ರೋಗಿಗಳಿಗೆ ಪಾಳಿಗೆ ಮೂವರು ನರ್ಸ್ ಇರಬೇಕು. ಮೂವರು ಇರುತ್ತಿದ್ದದ್ದು ಡ್ಯೂಟಿ ಪಟ್ಟಿಯಲ್ಲಿ ಮಾತ್ರ.

ಮಾನಸಿಕ ರೋಗಿಯನ್ನು ಒಬ್ಬಂಟಿಯಾಗಿ ಕೂಡಿಹಾಕುವಂತಿಲ್ಲ ಎಂದು ಕಾನೂನೇ ಇದೆ. ಆದ್ದರಿಂದ ನಮ್ಮಲ್ಲಿ ರೋಗಿಗಳನ್ನು ಕೂಡಿಹಾಕುತ್ತಿದ್ದ ಕೋಣೆಗೆ ಅಬ್ಸರ್ವೇಶನ್ ರೂಮ್ ಎಂದು ಬೋರ್ಡು ಹಾಕಿದ್ದರು. ಕೋಣೆ ಅದೇ, ಚಿಲಕ ಅದೇ.

ಸಾಂಬ್ರಾಣಿ ಊರಿನ ಬಸವರಾಜ ಕಾಯಿಲೆ ಹೆಚ್ಚಾದಾಗ ಅಣ್ಣನ ತಲೆ ಒಡೆದು ಬಂದವನು. ಎರಡು ವರ್ಷದ ಔಷಧದಲ್ಲಿ ಚೇತರಿಸಿಕೊಂಡಿದ್ದ. ಏಟು ತಿಂದ ಅಣ್ಣನೇ ಅವನನ್ನು ಮನೆಗೆ ಕರೆದೊಯ್ಯಲು ಸಿದ್ಧನಿದ್ದ. ಕಳಿಸಬಹುದೇ ಎಂದು ಪರಿಶೀಲನಾ ಮಂಡಳಿ ಮುಂದಿನ ತಿಂಗಳು ನೋಡುವುದಿತ್ತು.

ಆ ಹೊತ್ತಿಗೇ ಹೊಸ ರೋಗಿಯೊಬ್ಬ ಬಂದ. ಅವನಿಗೆ ಬಸವರಾಜನನ್ನು ಕಂಡರೆ ಮೈಯೆಲ್ಲ ಉರಿ. ಒಂದು ಮಧ್ಯಾಹ್ನ ಊಟದ ತಟ್ಟೆ ಎತ್ತಿಕೊಂಡು ಏರಿಹೋದ. ಅವನನ್ನು ಹಿಡಿಯಲು ನಾಲ್ಕು ಜನ ಬೇಕು, ಇದ್ದವಳು ನಾನೊಬ್ಬಳೇ. ಉಳಿದಿಬ್ಬರನ್ನು ಆರೋಗ್ಯ ಶಿಬಿರಕ್ಕೆ ಕಳಿಸಿದ್ದರು. ನನ್ನ ಪೇಚಾಟ ನೋಡಿ ಬಸವರಾಜನೇ ಹೇಳಿದ: "ನೀವೊಬ್ರ ಅದೀರಿ ಸಿಸ್ಟರ್. ನಾನ ಒಳಗ ಹೋಗಿ ಕುಂದರ್ತೇನಿ, ಚಿಲಕಾ ಹಾಕ್ರಿ." ಎರಡು ತಾಸು ಕೂತ. ಆ ತಿಂಗಳಲ್ಲಿ ಹೀಗೆ ಮೂರು ಸಲವಾಯಿತು.

ಕೇಸ್ ಶೀಟಿನಲ್ಲಿ ಕಾರಣ ಬರೆಯಬೇಕಲ್ಲ. ಇನ್‌ಚಾರ್ಜ್ ಸಿಸ್ಟರ್ ಮಳಗಿಯ ಸುಶೀಲಕ್ಕ ನನಗೆ ಕೆಲಸ ಕಲಿಸಿದವರು. ಹನ್ನೊಂದು ವರ್ಷ ಒಂದೇ ಡಬ್ಬಿಯಲ್ಲಿ ಉಂಡಿದ್ದೆವು. "ಸ್ಟಾಫ್ ಇಲ್ಲ ಅಂತ ಬರದ್ರ ನಮ್ಮ ಮ್ಯಾಲೆ ಬರ್ತೈತಿ. ರೋಗಿ ಉದ್ರಿಕ್ತ ಅಂತ ಬರಿ. ಮಂಡಳಿ ಮುಂದ ಖರೆ ಏನೈತಿ ನಾ ಹೇಳ್ತೇನಿ" ಎಂದರು. ನಂಬಿದೆ, ಬರೆದೆ.

ಮಂಡಳಿಯ ದಿನ ಅಧ್ಯಕ್ಷರು ಹಾಳೆ ತಿರುವಿ, ಒಂದೇ ತಿಂಗಳಲ್ಲಿ ಮೂರು ಸಲ ಉದ್ರೇಕವೇ ಎಂದು ಕೇಳಿದರು. ನಾನು ಸುಶೀಲಕ್ಕನ ಮುಖ ನೋಡಿದೆ. ಅವರು ತಲೆ ಎತ್ತಲೇ ಇಲ್ಲ, ನೋಟ್ಸಿನಲ್ಲಿ ಇರುವುದೇ ಸರಿ ಎಂದುಬಿಟ್ಟರು. ನಾನು ತಡವರಿಸುತ್ತ ನಿಜ ಹೇಳಹೋದೆ. ಈ ಸಹಿ ನಿಮ್ಮದಲ್ಲವೇ ಎಂದರು ಅಧ್ಯಕ್ಷರು. ನನ್ನದೇ. ತೀರ್ಮಾನ ಆರು ತಿಂಗಳು ಮುಂದಕ್ಕೆ ಹೋಯಿತು.

ಹೊರಗೆ ಬಂದ ಸುಶೀಲಕ್ಕ ತಮ್ಮ ನಿವೃತ್ತಿಗೆ ಮೂರೇ ತಿಂಗಳಿದೆ, ತಿಳಿದುಕೋ ಎಂದರು. ನಾನು ಸಿಟ್ಟಿನಲ್ಲೇ ಬಸವರಾಜನ ಬಳಿ ಹೋಗಿ, ಅವರು ಕೈಕೊಟ್ಟದ್ದನ್ನೆಲ್ಲ ಹೇಳಿದೆ. ಅವನು ಅಣ್ಣ ತಂದ ಹೊಸ ಅಂಗಿ ತೊಟ್ಟು ಕೂತಿದ್ದ. ಪೂರ್ತಿ ಕೇಳಿಸಿಕೊಂಡ.

"ಅವರ ಸುದ್ದಿ ಬಿಡ್ರಿ ಸಿಸ್ಟರ್" ಎಂದ. "ನಾ ಒಳಗ ಹೋಗಿದ್ದು ನಿಮ್ಮ ಸಲುವಾಗಿ. ಬರದಾವ್ರು ನೀವ ಅಲ್ಲೇನ್ರಿ?"

ಅಲ್ಲಿಂದ ಮುಂದೆ ಒಬ್ಬಳೇ ಇದ್ದ ಪಾಳಿಗಳಲ್ಲೆಲ್ಲ 'ರೋಗಿಗಳು ಇಪ್ಪತ್ತಾರು, ನರ್ಸ್ ಒಬ್ಬಳು' ಎಂದೇ ಬರೆದೆ. ನೋಟಿಸ್ ಬಂತು. ಮತ್ತೆ ಬರೆದೆ, ಮತ್ತೆ ಬಂತು.

ವೃತ್ತಿ ನನಗೆ ಕಲಿಸಿದ್ದು ಇಷ್ಟು. ಆಸ್ಪತ್ರೆಯ ಕೊರತೆಯನ್ನು ರೋಗಿಯ ಕಾಯಿಲೆಯೆಂದು ಬರೆದರೆ ಅದರ ಶಿಕ್ಷೆ ಅವನೊಬ್ಬನಿಗೇ. ಸುಶೀಲಕ್ಕ ನನಗೆ ಮೋಸ ಮಾಡಿದರು, ಅದನ್ನು ನಾನಿನ್ನೂ ಮರೆತಿಲ್ಲ. ಆದರೆ ನಾನು ಬರೆದ ಮೂರು ಸಾಲಿಗೆ ಆರು ತಿಂಗಳು ಒಳಗೆ ಉಳಿದವನು ಬಸವರಾಜ.