ಗುಂಡು ತಗಲದ ಸಿಪಾಯಿ

“ಗುಂಡು ಬಡಿದಿಲ್ಲ ಅಂತೀರಿ. ಮತ್ತ ಸತ್ತಾನ ಅಂತೀರಿ. ಯಾವುದಾದ್ರೂ ಒಂದು ಹೇಳ್ರಿ!”

ಕಳೆದ ಸೋಮವಾರ ಒಂದು ಊರಿನ ಗೌಡರು ನನ್ನ ತಮ್ಮನನ್ನು ಹೀಗೆ ಗದರಿಸಿದರು. ನಾನು ಪಕ್ಕದಲ್ಲೇ ಕೂತಿದ್ದೆ. ನಗಬೇಕೋ, ಎದ್ದು ಹೋಗಬೇಕೋ ತಿಳಿಯಲಿಲ್ಲ.

ತಮ್ಮ ಬಸಣ್ಣ ಲಡಾಯಿ ಮುಗಿಸಿ ಮಸ್ಕಿಗೆ ವಾಪಸ್ ಬಂದಿದ್ದಾನೆ. (ನೋಡಲು ಬಂದವರಿಗೆಲ್ಲ ಚಹಾ ಕೊಟ್ಟು ಕೊಟ್ಟು ನಮ್ಮ ಮನೆಯ ರೇಷನ್ ಸಕ್ಕರೆ ಖಾಲಿಯಾಗಿದೆ.) ಅವನು ಬರ್ಮಾ ಗಡಿಯ ಕಾಡಿನಲ್ಲಿ ಹೇಸರಗತ್ತೆ ನಡೆಸುತ್ತಿದ್ದವನು. ಅವುಗಳ ಬೆನ್ನಿಗೆ ಅಕ್ಕಿ, ಮದ್ದುಗುಂಡು ಹೇರಿ ಗುಡ್ಡ ಹತ್ತಿಸುವುದು, ಇಳಿಸುವುದು, ನೀರು ಕುಡಿಸುವುದು, ಬೆನ್ನಿನ ಹುಣ್ಣಿಗೆ ಔಷಧಿ ಹಚ್ಚುವುದು. ಇಷ್ಟೇ ಅವನ ಯುದ್ಧ.

ಇದು ನಮ್ಮ ಜನಕ್ಕೆ ಸಾಲುವುದಿಲ್ಲ.

“ಎಷ್ಟು ಮಂದಿ ಜಪಾನಿಗಳನ್ನ ಹೊಡದಿಪಾ?”

“ಒಬ್ಬರನ್ನೂ ಇಲ್ರಿ.”

“ಹಂಗಾದ್ರ ಇಷ್ಟು ವರ್ಷ ಅಲ್ಲಿ ಏನು ಮಾಡಿದಿ?”

ಬಂದವರೆಲ್ಲ ಇದನ್ನೇ ಕೇಳುತ್ತಾರೆ. ಯುದ್ಧವೆಂದರೆ ನಮ್ಮವರಿಗೆ ಗೊತ್ತಿರುವುದು ಎರಡೇ: ಒಂದು ಗುಂಡು ಹಾರುವುದು, ಇನ್ನೊಂದು ಸೀಮೆಎಣ್ಣೆ ಸಿಗದಿರುವುದು. ಆದರೂ ಕಟ್ಟೆಯ ಮೇಲೆ ಕೂತವರೆಲ್ಲ ಜನರಲ್‌ಗಳೇ!

ಇರಲಿ. ವಿಷಯಕ್ಕೆ ಬರುತ್ತೇನೆ.

ಬಸಣ್ಣನ ಜೊತೆ ಮಲ್ಲಪ್ಪ ಎಂಬುವನಿದ್ದ. ಸಂತೆಕಲ್ಲೂರಿನಿಂದ ಸ್ವಲ್ಪ ಒಳಗಿರುವ ಹಳ್ಳಿಯವನು. (ಹಳ್ಳಿಯ ಹೆಸರು ಬೇಡ.) ಇಡೀ ದಂಡಿನಲ್ಲಿ ಕನ್ನಡದಲ್ಲಿ ಬೈದಾಡಲು ಇವನಿಗೆ ಅವನು, ಅವನಿಗೆ ಇವನು. ಕೊರಳಲ್ಲಿ ಲಿಂಗ ಕಟ್ಟಿಕೊಂಡೇ ಲಡಾಯಿಗೆ ಹೋದವರಿಬ್ಬರೂ. ಮಲ್ಲಪ್ಪ ಮರಳಿ ಬರಲಿಲ್ಲ. ಮಳೆಗಾಲದಲ್ಲಿ ಚಳಿಜ್ವರ ಹಿಡಿಯಿತು, ಅಲ್ಲೇ ತೀರಿಕೊಂಡ. ಬಸಣ್ಣನೇ ಮಣ್ಣು ಕೊಟ್ಟ.

ಆ ಸುದ್ದಿ ಕಚೇರಿಯ ಮೂಲಕ ಊರಿಗೆ ಮೊದಲೇ ಮುಟ್ಟಿತ್ತು. ಊರು ಮಾತ್ರ ಒಪ್ಪಿರಲಿಲ್ಲ. ಯಾಕೆ? ಲಡಾಯಿಗೆ ಹೋದವನು ಜ್ವರ ಬಂದು ಸಾಯುವುದುಂಟೇ! ಸತ್ತರೆ ಗುಂಡಿಗೇ ಸಾಯಬೇಕು. ಗುಂಡು ಬಡಿದಿಲ್ಲ ಎಂದಮೇಲೆ ಸತ್ತೇ ಇಲ್ಲ, ಎಲ್ಲೋ ಇದ್ದಾನೆ, ಬರುತ್ತಾನೆ.

ಈ ಜಾಣತನದಲ್ಲಿ ಸಿಕ್ಕಿಬಿದ್ದವಳು ಅವನ ಹೆಂಡತಿ ಶರಣಮ್ಮ. ಇಪ್ಪತ್ತು ತುಂಬಿದೆಯೋ ಇಲ್ಲವೋ. ಮಕ್ಕಳಿಲ್ಲ. ಜವಳಗೇರಾದಲ್ಲಿರುವ ಅವಳ ಅಪ್ಪ ಮಗಳನ್ನು ಕರೆದೊಯ್ದು, ಉಡಿಕೆ, ಅಂದರೆ ಮರುಮದುವೆ, ಮಾಡಿ ಇನ್ನೊಂದು ಮನೆ ಸೇರಿಸಲು ತಯಾರಿದ್ದ. “ಗಂಡ ಜೀವಂತ ಇರೂವಾಗ ಎಂಥಾ ಉಡಿಕಿ?” ಎಂದು ಗೌಡರು ಅವನ ಬಂಡಿಯನ್ನು ಊರ ಬಾಗಿಲಿನಿಂದಲೇ ತಿರುಗಿಸಿದ್ದರು. ಹುಡುಗಿ ಅತ್ತ ಮುತ್ತೈದೆಯೂ ಅಲ್ಲ, ಇತ್ತ ವಿಧವೆಯೂ ಅಲ್ಲ.

ಇದನ್ನೆಲ್ಲ ಕೇಳಿದ ಬಸಣ್ಣ, “ಅಣ್ಣಾ, ಕಣ್ಣಿಲೆ ನೋಡಿದಾಂವ ನಾನು. ನಾನಽ ಹೋಗಿ ಹೇಳ್ತೀನಿ. ನೀನೂ ಬಾ,” ಎಂದ. ಲಿಂಗಸುಗೂರು ಬಸ್ಸು ಹತ್ತಿದೆವು. ಇದ್ದಿಲಿನ ಗ್ಯಾಸಿನ ಬಸ್ಸು. ಏರು ಬಂದಾಗಲೆಲ್ಲ ಇಳಿದು ನೂಕಿದೆವು. ಟಿಕೆಟ್ ಕೊಟ್ಟು ನೂಕುವುದು ಯಾವ ನ್ಯಾಯ?

ಮಲ್ಲಪ್ಪನ ಮನೆ ಮುಟ್ಟುವಷ್ಟರಲ್ಲಿ ಅರ್ಧ ಊರು ಅಲ್ಲಿತ್ತು. ಗೌಡರು ಜಗಲಿಯ ನಡುವೆ ಕೂತಿದ್ದರು. ತಾಯಿ ನೀಲಮ್ಮ ಹೊಸ್ತಿಲಲ್ಲಿ. ಶರಣಮ್ಮ ಒಳಗೆ, ಬಾಗಿಲ ಮರೆಗೆ.

ಬಸಣ್ಣ ನಡೆದದ್ದನ್ನು ನಡೆದ ಹಾಗೆ ಹೇಳಿದ. ಬಿಡದ ಮಳೆ, ಜ್ವರದ ನಡುಕ, ನುಂಗಿದ ಗುಳಿಗೆ ಹೊಟ್ಟೆಯಲ್ಲಿ ನಿಲ್ಲಲಿಲ್ಲ, ಆಸ್ಪತ್ರೆ ಗುಡ್ಡದಾಚೆ ಇತ್ತು. ನಾನು ಮೊದಲು ಹೇಳಿದೆನಲ್ಲ, ಗೌಡರು ಆ ಮಾತು ಎಸೆದದ್ದು ಆಗಲೇ.

“ಸತ್ತಾನ್ರಿ. ಜ್ವರ ಬಂದು ಸತ್ತಾನ.”

“ಜ್ವರ ಬಂದು ಸಾಯಾಕ ಬರ್ಮಾಕ್ಕ ಯಾಕ ಹೋಗಬೇಕಿತ್ತು? ಇಲ್ಲೇ ಸಾಯಬಹುದಿತ್ತಲ್ಲ!”

ನಾಲ್ಕಾರು ಜನ ತಲೆ ಆಡಿಸಿದರು. ಒಬ್ಬ ಮುದುಕ, “ನೀ ನೋಡಿದ್ದು ಬ್ಯಾರೆ ಮಲ್ಲಪ್ಪ ಇರಬೇಕು ತಮ್ಮಾ,” ಎಂದು ಸಮಾಧಾನ ಹೇಳಿದ. ಸಮಾಧಾನ! ಜೊತೆಗೆ ಉಂಡು, ಜೊತೆಗೆ ಮಲಗಿದವನಿಗೆ!

ಬಸಣ್ಣನ ಮುಖ ಕೆಂಪಗಾಯಿತು. ನನ್ನ ತಮ್ಮ ದನಿ ಎತ್ತುವವನಲ್ಲ. ಅವತ್ತು ಎತ್ತಿದ.

“ಹಂಗಾದ್ರ ನಾ ಮಣ್ಣು ಕೊಟ್ಟಿದ್ದು ಯಾರಿಗ್ರೀ?”

ಆಗ ಹೊಸ್ತಿಲಿನಿಂದ ನೀಲಮ್ಮನ ದನಿ ಬಂತು.

“ಯಪ್ಪಾ, ಮಣ್ಣು ಕೊಟ್ಟೆ ಅಂದ್ಯಲ್ಲ... ಮಲಗಿಸಿ ಕೊಟ್ಟಿರೋ, ಕುಂದ್ರಿಸಿ ಕೊಟ್ಟಿರೋ?”

ನಮ್ಮಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುವುದು ಪದ್ಧತಿ. ಅಷ್ಟು ಜನರಲ್ಲಿ ಇದನ್ನು ಕೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಅಣ್ಣನಾದ ನನಗೂ!

ಬಸಣ್ಣ ಜಗಲಿಯಿಂದ ಇಳಿದು ಆಕೆಯ ಮುಂದೆ ನೆಲಕ್ಕೆ ಕೂತ.

“ಕುಂದ್ರಿಸೀನಿ ಯವ್ವಾ. ಎಲ್ಲಾರಿಗೂ ಅಲ್ಲಿ ಉದ್ದ ಕುಣಿ ತೋಡ್ತಾರ. ನಾ ಒಪ್ಪಲಿಲ್ಲ, ಆಳವಾಗಿ ತೋಡಿದೆ. ಹವಾಲ್ದಾರ ‘ಜಲ್ದಿ, ಜಲ್ದಿ’ ಅಂತ ಒದರಾಕತ್ತಿದ್ದ. ಒದರ್ಲಿ ಅಂತ ಬಿಟ್ಟೆ.”

“ಲಿಂಗ?”

“ಕೊರಳಾಗಿಂದು ಬಿಚ್ಚಿ ಎಡಗೈಯಾಗ ಇಟ್ಟೀನಿ.”

“ವಿಭೂತಿ?”

“ವಿಭೂತಿ ಇದ್ದಿಲ್ಲ ಯವ್ವಾ. ತಂದಿದ್ದ ಗಟ್ಟಿ ಮಳಿಯಾಗ ಕರಗಿ ಹೋಗಿತ್ತು. ಅಡಿಗಿ ಮಾಡಿದ ಒಲಿ ಬೂದಿ ತಂದು ಹಣಿಗೆ ಹಚ್ಚೀನಿ. ಪತ್ರಿನೂ ಸಿಗಲಿಲ್ಲ. ಬಿದಿರಿನ ಎಲಿ ಹಾಕೀನಿ. ತಪ್ಪಾತೇನು?”

ನೀಲಮ್ಮ ಅವನ ಎರಡೂ ಕೈ ಹಿಡಿದುಕೊಂಡಳು. ಆ ಅಂಗೈಗಳನ್ನು ತಿರುವಿ ತಿರುವಿ ನೋಡಿದಳು. ಆಮೇಲೆ ಅತ್ತಳು. ಮಗನ ಸುದ್ದಿ ಬಂದಮೇಲೆ ಆಕೆ ಬಾಯಿಬಿಟ್ಟು ಅತ್ತದ್ದು ಅದೇ ಮೊದಲಂತೆ. ಅಳಲು ಊರು ಬಿಟ್ಟಿದ್ದರೆ ತಾನೆ? ಜೀವಂತ ಇರುವವನಿಗೆ ಅಳುವುದು ಅಪಶಕುನ ಎಂದು ಬಾಯಿ ಮುಚ್ಚಿಸಿದ್ದರು. ಬಾಗಿಲ ಮರೆಯಿಂದಲೂ ಅಳು ಕೇಳಿಸಿತು.

ಗೌಡರಿಗೆ ಇನ್ನೂ ಸಮಾಧಾನವಿಲ್ಲ. “ಆತ್ರಿ, ಸತ್ತಾನ ಅಂತ ಇಟ್ಕೊಳ್ಳೂಣು. ಗುಂಡಿಗೆ ಸತ್ತ ಅಂದ್ರ ಏನು ಹೋಗತದ ನಿಮ್ಮದು? ಗುಡಿ ಮುಂದ ಕಲ್ಲು ನಿಲ್ಲಸ್ತೀವಿ. ಊರಿಗೆ ಒಂದು ಹೆಸರು.”

ನೀಲಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು.

“ಗೌಡ್ರ, ಗುಂಡು ನೀವಽ ಇಟ್ಕೋರಿ. ನನ್ನ ಮಗ ಮಣ್ಣಾಗ ಕುಂತಾನ, ನನಗಷ್ಟ ಸಾಕು.” ಆಮೇಲೆ ಒಳಗೆ ತಿರುಗಿ ಹೇಳಿದಳು: “ಶರಣವ್ವಾ, ನಿಮ್ಮಪ್ಪಗ ಹೇಳಿ ಕಳಸ್ತೀನಿ. ಬಂಡಿ ತರ್ಲಿ. ಈ ಸಲ ಯಾರು ತಿರುಗಿಸ್ತಾರೋ ನೋಡ್ತೀನಿ.”

ಶರಣಮ್ಮ ಹೊರಗೆ ಬಂದು ಅತ್ತೆಯ ಕಾಲು ಹಿಡಿದಳು. ಆಮೇಲೆ ಬಸಣ್ಣನ ಕಡೆ ನೋಡಿ, “ಅವರು ನನ್ನ ನೆನಸಿದ್ರೇನ್ರಿ?” ಎಂದಳು. ಇಷ್ಟು ಕೇಳಲು ಆ ಹುಡುಗಿ ವರ್ಷಕ್ಕೂ ಮೇಲೆ ಕಾದಿದ್ದಳು.

“ನೆನಸಿದ ತಂಗೆವ್ವ. ಊರು ಮುಟ್ಟಿದ ಮ್ಯಾಲ ನಿನ್ನ ಕೈಲಿ ಬಿಸಿ ರೊಟ್ಟಿ ತಿನ್ನಬೇಕು ಅಂತಿದ್ದ.”

ನಾನು ಆಚೆ ಮುಖ ಮಾಡಿದೆ.

ಜವಳಗೇರಾದ ಬಂಡಿ ಗುರುವಾರ ಬಂತೆಂದು ಸುದ್ದಿ. ತಡೆಯಲು ಯಾರೂ ಬರಲಿಲ್ಲವಂತೆ. ಬುತ್ತಿ ಕಟ್ಟಿಕೊಟ್ಟು, ಊರ ಬಾಗಿಲ ತನಕ ನೀಲಮ್ಮನೇ ನಡೆದು ಬಂದು ಸೊಸೆಯನ್ನು ಕಳಿಸಿದಳಂತೆ. ಇಷ್ಟು ಸರಳವಾದ ಕೆಲಸಕ್ಕೆ ಒಂದು ಊರು ಇಷ್ಟು ಕಾಲ ಅಡ್ಡ ಮಲಗಿತ್ತು ನೋಡಿ.

ನಾವು ಹೊರಡುವಾಗ ಗೌಡರು ಹಿಂದೆಯೇ ಬಂದು ನನ್ನ ಕೈ ಹಿಡಿದಿದ್ದರು. “ಮಾಸ್ತರ, ನೀವು ಪೇಪರಿನ್ಯಾಗ ಬರಿಯೋರು. ನೀವಾದ್ರೂ ಗುಂಡಿಗೆ ಸತ್ತ ಅಂತ ಬರೀರಿ. ಊರಿನ ಮಾನದ ಪ್ರಶ್ನೆ.”

ಬರೆದಿದ್ದೇನೆ ಗೌಡರೇ, ಓದಿಕೊಳ್ಳಿ: ನಿಮ್ಮೂರಿನ ಮಲ್ಲಪ್ಪ ಚಳಿಜ್ವರದಿಂದ ಸತ್ತ.