ಭಾನುವಾರದ ಸಹಿ

ಇವತ್ತು ಕೋರ್ಟಿಗೆ ಹೊರಡಬೇಕಾದ ದಿನವೇ ಗೇಟಿನಾಚೆ ಯಾರೋ ಎಳನೀರು ಕೊಚ್ಚಿದರು. ಮೊದಲು ಸದ್ದು, ಹಿಂದೆಯೇ ಹಸಿ ಸಿಪ್ಪೆಯ ವಾಸನೆ. ನಾನು ಅಡುಗೆಮನೆಯಲ್ಲಿ ನಿಂತಲ್ಲೇ ಗೋಡೆಗೆ ಒರಗಿದೆ. ಸಸ್ಯಶಾಸ್ತ್ರದಲ್ಲಿ ಎಂಎಸ್ಸಿ ಮಾಡಿದವಳು ತೆಂಗಿನಕಾಯಿಗೆ ಹೆದರುತ್ತಾಳೆಂದರೆ ನೀವು ನಗಬಹುದು. ನಮ್ಮ ಯಜಮಾನರೂ ನಗುತ್ತಾರೆ. ಆದರೆ ಬೀದಿಯಲ್ಲಿ ಎಳನೀರಿನ ಗಾಡಿ ಎದುರಾದರೆ ಸದ್ದಿಲ್ಲದೆ ನನ್ನ ಆ ಪಕ್ಕಕ್ಕೆ ಬಂದು ನಡೆಯುತ್ತಾರೆ.

ಕೃಷ್ಣಮೂರ್ತಿಪುರಂನ ನಮ್ಮ ಬೀದಿಯ ತಿರುವಿನಲ್ಲಿ ಮಾದೇವು ಎನ್ನುವವನು ಎಳನೀರು ಮಾರುತ್ತಿದ್ದ. ಹೋದ ವರ್ಷ ಒಂದು ಬೆಳಿಗ್ಗೆ ಅವನು ನನಗೆಂದು ತೆಳು ಗಂಜಿಯ ಕಾಯಿ ಹುಡುಕುತ್ತಿದ್ದಾಗ, ಯುವಕನೊಬ್ಬ ಸ್ಕೂಟರನ್ನು ಗಾಡಿಗೆ ತಾಗಿಸಿಯೇ ನಿಲ್ಲಿಸಿದ.

“ಒಸಿ ಅತ್ಲಾಗೆ ಆಕಪ್ಪ” ಎಂದ ಮಾದೇವು.

“ರಸ್ತೆ ನಿಮ್ಮಪ್ಪಂದಾ?”

“ನಮ್ಮಪ್ಪಂದಾಗಿದ್ರೆ ನಾನ್ಯಾಕ್ ಬಿಸ್ಲಲ್ ನಿಂತ್ಕತಿದ್ದೆ?”

ನಾನು ನಕ್ಕುಬಿಟ್ಟೆ. ಆ ನಗು ಮುಗಿಯುವುದರೊಳಗೆ ಆ ಯುವಕ ಕಾಯಿರಾಶಿಯ ಮೇಲಿದ್ದ ಮಚ್ಚನ್ನು ಎತ್ತಿ ಬೀಸಿದ್ದ. ಮಾದೇವು ಕೈ ಅಡ್ಡ ಹಿಡಿದ. ಆ ಕೈಯ ಬೆರಳುಗಳು ಇಂದಿಗೂ ಸರಿಯಾಗಿ ಮಡಚುವುದಿಲ್ಲ. ಆಮೇಲೆ ಮಚ್ಚು ನನ್ನ ಕಡೆ ತಿರುಗಿತು. “ಏನ್ ನೋಡ್ತಾ ಇದ್ದೀಯ?” ಎಂದ. ಕೇಳುವುದಕ್ಕೆ ಎಷ್ಟು ಸಾಧಾರಣವಾದ ಪ್ರಶ್ನೆ. ಉತ್ತರಕ್ಕೆ ಕಾಯದೆ, ಮಚ್ಚನ್ನು ಅಲ್ಲೇ ಎಸೆದು ಹೋದ. ನಾನು ಮಾತ್ರ ಇನ್ನೂ ಉತ್ತರ ಹುಡುಕುತ್ತಿದ್ದೇನೆ.

ಪೊಲೀಸರು ಸಂಜೆಯೇ ಅವನನ್ನು ಬೋಗಾದಿಯ ಬಾಡಿಗೆ ರೂಮಿನಲ್ಲಿ ಹಿಡಿದರು. ಹೆಸರು ಸುನಿಲ, ಟೈಲ್ಸ್ ಹಾಕುವ ಕೆಲಸ. ಮಾರನೆಯ ದಿನ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ ಜೈಲಿಗೆ ಕಳಿಸಿದರು. ನನಗೆ ನಿದ್ದೆ ಬರತೊಡಗಿತು. ಆ ನಿದ್ದೆ ಕೆಟ್ಟದ್ದು ಅವನಿಗೆ ಬೇಲ್ ಸಿಕ್ಕ ದಿನ. ನಮ್ಮ ಬೀದಿಯಲ್ಲಿ ಬೇಲ್ ಎಂದರೆ ಕೇಸು ಮುಗಿಯಿತು ಎಂದೇ ಅರ್ಥ. ಓದಿದ ನಾನೂ ಹಾಗೆಯೇ ತಿಳಿದು ಪಕ್ಕದ ಮನೆಯ ವಕೀಲೆ ನಾಗರತ್ನಮ್ಮನವರ ಬಳಿಗೆ ಓಡಿದೆ.

“ಬೇಲು ಅಂದ್ರೆ ಬಿಡುಗಡೆ ಅಲ್ಲ ಕಣಮ್ಮ. ವಿಚಾರಣೆಗೆ ಮುಂಚೆ ಒಳಗಿಡೋದು ಶಿಕ್ಷೆಗಲ್ಲ. ಓಡಿಹೋಗ್ಬಾರ್ದು, ಸಾಕ್ಷೀನ ಹೆದರಿಸ್ಬಾರ್ದು ಅಂತ. ಪೊಲೀಸ್ನೋರು ಗಡುವಿನೊಳಗೆ ಚಾರ್ಜ್‌ಶೀಟ್ ಹಾಕ್ಲಿಲ್ಲ. ಆಮೇಲೆ ಬೇಲು ಅವನ ಹಕ್ಕು.”

“ಯಾಕೆ ಹಾಕ್ಲಿಲ್ಲ?”

“ಸೋಮಾರಿತನ.”

ನನಗೆ ನಂಬಿಕೆ ಬರಲಿಲ್ಲ. ಸೋಮಾರಿತನಕ್ಕೂ ಯಾರಾದರೂ ಕಾಣಿಕೆ ಕೊಟ್ಟಿರುತ್ತಾರೆ ಎನಿಸಿತು. ಅವತ್ತಿನಿಂದ ಹೆಲ್ಮೆಟ್ ತೆಗೆಯದೆ ಬಾಗಿಲು ತಟ್ಟುವ ಕೊರಿಯರಿನವನು, ಎದುರು ಮನೆಗೆ ಬಣ್ಣ ಬಳಿಯುವವನು, ಎಲ್ಲರೂ ಸುನಿಲನ ಕಡೆಯವರಾದರು.

ಬೇಲಿಗೆ ಷರತ್ತುಗಳಿದ್ದವು. ಸಾಕ್ಷಿಗಳನ್ನು ಯಾವ ರೀತಿಯಲ್ಲೂ ಸಂಪರ್ಕಿಸಬಾರದು. ಪ್ರತಿ ಭಾನುವಾರ ಬೆಳಿಗ್ಗೆ ಠಾಣೆಗೆ ಬಂದು ಸಹಿ ಹಾಕಬೇಕು. ಈ ಎರಡನೆಯದನ್ನು ಕೇಳಿದಾಗ ನನಗೊಂದು ಉಪಾಯ ಹೊಳೆಯಿತು. ಠಾಣೆಯ ಎದುರಿಗೊಂದು ಸಣ್ಣ ಹೋಟೆಲಿದೆ. ಭಾನುವಾರ ಅಲ್ಲಿ ಕಿಟಕಿ ಪಕ್ಕ ಕೂತು ಸೆಟ್ ದೋಸೆ ತರಿಸಿಕೊಳ್ಳುತ್ತಿದ್ದೆ. ಅವನು ಬಂದು ಸಹಿ ಹಾಕಿ ಬೋಗಾದಿಯ ಕಡೆಗೆ ಹೋಗುವುದನ್ನು ಕಣ್ಣಾರೆ ಕಂಡರೆ ಆ ವಾರ ಸಲೀಸು. ಮನೆಗೆ ಬಂದರೆ ಯಜಮಾನರು ಪೇಪರಿನಿಂದ ತಲೆ ಎತ್ತದೆ ಕೇಳುತ್ತಿದ್ದರು: “ದರ್ಶನ ಆಯ್ತಾ?” ಒಂದು ಭಾನುವಾರ ಅವನು ತಡವಾಗಿ ಬಂದಾಗ ನನಗೆ ಕೋಪ ಬಂದಿತ್ತು. ಪಾಠಕ್ಕೆ ತಡವಾಗಿ ಬಂದ ಶಿಷ್ಯನ ಮೇಲೆ ಬರುವಂಥ ಕೋಪ.

ಹೀಗೇ ಒಂದು ಭಾನುವಾರ ಸಹಿ ಹಾಕಿದವನು ಬೋಗಾದಿಯ ಕಡೆ ತಿರುಗಲಿಲ್ಲ. ರಸ್ತೆ ದಾಟಿದ. ಹೋಟೆಲಿನೊಳಗೆ ಬಂದು ನನ್ನ ಎದುರಿಗೇ ಕೂತ. ಉಗುರುಗಳಲ್ಲಿ ಸಿಮೆಂಟು. ನನ್ನ ಗಂಟಲಿನಲ್ಲಿ ದೋಸೆ.

“ಅಮ್ಮ, ಕೂಗಬೇಡಿ” ಎಂದ ಮೆಲ್ಲಗೆ. “ವಾರವಾರ ನೀವಿಲ್ಲಿ ಕೂತಿರೋದ ನೋಡ್ತಾ ಇದೀನಿ. ಯಾರಾದ್ರೂ ನೋಡುದ್ರೆ ನಾನೇ ನಿಮ್ಮನ್ನ ಹೆದ್ರುಸ್ತಾ ಇದೀನಿ ಅಂತಾರೆ. ಮತ್ತೆ ಒಳಕ್ಕಾಕ್ಬುಡ್ತಾರೆ. ಭಾನುವಾರ ಬೇರೆ ಕಡೆ ತಿಂಡಿ ತಿನ್ನಿ. ನಿಮಗೂ ಒಳ್ಳೇದು, ನನಗೂ ಒಳ್ಳೇದು.”

ಕೈ ಮುಗಿದು ಎದ್ದುಹೋದ. ನಾನು ಮತ್ತೆ ಆ ಹೋಟೆಲಿಗೆ ಹೋಗಲಿಲ್ಲ. ಆದರೆ ಆ ಮಾತನ್ನು ಎಷ್ಟು ಸಲ ತಿರುಗಿಸಿ ನೋಡಿದ್ದೇನೋ ಲೆಕ್ಕವಿಲ್ಲ. ‘ನಿಮಗೂ ಒಳ್ಳೇದು.’ ಅದು ಬೇಡಿಕೆಯೋ, ಬೆದರಿಕೆಯೋ? ಕೈ ಮುಗಿದದ್ದನ್ನು ನೆನೆದರೆ ಒಂದು ಉತ್ತರ, ಮಚ್ಚನ್ನು ನೆನೆದರೆ ಇನ್ನೊಂದು.

ಇವತ್ತು ಸಾಕ್ಷಿ ಹೇಳುವ ಮೊದಲು ಸರ್ಕಾರಿ ವಕೀಲರು ನನ್ನನ್ನು ತಮ್ಮ ಕೋಣೆಗೆ ಕರೆದರು. ಅವನು ಹೋಟೆಲಿನಲ್ಲಿ ನನ್ನ ಎದುರು ಕೂತದ್ದನ್ನು ಪೇದೆಯೊಬ್ಬ ನೋಡಿದ್ದನಂತೆ.

“ನಿಮ್ಮ ಹತ್ರ ಬಂದು ಮಾತಾಡಿದ್ದು ನಿಜಾನಾ ಮೇಡಂ? ಹೂಂ ಅನ್ನಿ ಸಾಕು. ಇವತ್ತೇ ಬೇಲ್ ರದ್ದು ಮಾಡಿ ಅಂತ ಅರ್ಜಿ ಹಾಕ್ತೀನಿ.”

ಬಾಗಿಲ ಸಂದಿಯಿಂದ ಸುನಿಲ ಕಾಣುತ್ತಿದ್ದ. ಕಂಬಕ್ಕೆ ಒರಗಿ ಕಾಲು ನೋಡಿಕೊಳ್ಳುತ್ತಿದ್ದ. ಹೂಂ ಎಂದರೆ ಅವನು ಒಳಗೆ, ನನಗೆ ನೆಮ್ಮದಿಯ ನಿದ್ದೆ. ಅದರಲ್ಲಿ ಸುಳ್ಳೂ ಇರಲಿಲ್ಲ.

“ನಿಜ. ಬಂದು ಕೂತ, ಇಲ್ಲಿಗೆ ಬರಬೇಡಿ ಅಂತ ಕೇಳ್ಕೊಂಡ. ಆದ್ರೆ ಅವನು ಎಲ್ಲಿಗೆ ಬರ್ತಾನೆ ಅಂತ ತಿಳ್ಕೊಂಡು ವಾರವಾರ ಅಲ್ಲಿ ಕಾಯ್ತಿದ್ದವಳು ನಾನು. ಹಾಕೋದಾದ್ರೆ ಅದನ್ನೂ ಸೇರಿಸಿ ಹಾಕಿ” ಎಂದೆ.

ಅವರು ಪೆನ್ನಿನ ಮುಚ್ಚಳ ಹಾಕಿದರು. “ಹಂಗಾದ್ರೆ ಅರ್ಜಿ ನಿಲ್ಲಲ್ಲ ಬುಡಿ. ಇನ್ನು ನಿಮ್ಮಿಷ್ಟ. ಆಮೇಲೆ ಭಯ ಅಂತ ನನ್ನ ಹತ್ರ ಬರ್ಬೇಡಿ.”

ಕಟಕಟೆ ಹತ್ತಿದೆ. ಮಚ್ಚು ಬೀಸಿದವರು ಇಲ್ಲಿದ್ದಾರೆಯೇ ಎಂದು ಕೇಳಿದರು. ಅವನತ್ತಲೇ ಕೈ ತೋರಿಸಿ, ಕಂಡದ್ದನ್ನೆಲ್ಲ ಹೇಳಿದೆ. ಅವನು ಗುರಾಯಿಸಲಿಲ್ಲ, ತಲೆಯನ್ನೂ ತಗ್ಗಿಸಲಿಲ್ಲ. ಆ ಮುಖದಿಂದ ನನಗೆ ಏನೂ ತಿಳಿಯಲಿಲ್ಲ.

ಯಜಮಾನರು ಸ್ಕೂಟರ್ ತಂದರು. ಅವನೂ ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತಿದ್ದ. ಹಿಂತಿರುಗಿ ನೋಡಲಿಲ್ಲ ಎಂದರೆ ಸುಳ್ಳಾಗುತ್ತದೆ. ಒಂದು ಸಲ ನೋಡಿದೆ. ಎರಡನೆಯ ಸಲಕ್ಕೆ ಕತ್ತು ತಾನಾಗಿ ಹೊರಳತೊಡಗಿದಾಗ ಯಜಮಾನರ ಭುಜ ಗಟ್ಟಿಯಾಗಿ ಹಿಡಿದು ಮುಂದಕ್ಕೆ ನೋಡುತ್ತಾ ಕೂತೆ.